ನೆನೆಸಿದ ದ್ರಾಕ್ಷಿ ಮದ್ಯವಾಗುವುದು ಯಾವಾಗ?

ಮದ್ಯ ಹರಾಂ ಎಂಬುದು ಮದ್ರಸದ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಚರ್ಚೆ ಇರುವುದು ಯಾವುದು ಮದ್ಯ ಎಂಬಲ್ಲಿ. ಕೆಮ್ಮಿನ ಸಿರಪ್‌ನ ಲೇಬಲ್ ಓದಿ ಉಮ್ಮ ಗಾಬರಿಯಾಗುತ್ತಾರೆ. ದುಬೈಯಿಂದ ಬಂದ ಮಗ ಸೆಂಟ್ ಹಾಕಿಕೊಂಡು ನಮಾಝ್‌ಗೆ ನಿಂತರೆ ಪಕ್ಕದ ಸಫ್‌ನ ಹಿರಿಯರು ಮುಖ ನೋಡುತ್ತಾರೆ. ಬೇಕರಿಯ ಬನ್‌ನಲ್ಲಿ ಆಲ್ಕೋಹಾಲ್ ಉಂಟು ಎಂದು ಯಾರೋ ಗ್ರೂಪಿಗೆ ಹಾಕುತ್ತಾರೆ. ಈಗ ಪೆಟ್ರೋಲ್‌ಗೂ ಎಥನಾಲ್ ಬೆರೆಸುತ್ತಾರೆ, ಅದು ಬಟ್ಟೆಗೆ ತಾಗಿದರೆ ಎಂತ ಮಾಡುದು ಎಂದು ಕೇಳುವವರೂ ಇದ್ದಾರೆ. ಒಬ್ಬರು ಎಲ್ಲವನ್ನೂ ಹರಾಂ ಪಟ್ಟಿಗೆ ಸೇರಿಸುತ್ತಾರೆ, ಇನ್ನೊಬ್ಬರು "ಅಷ್ಟೆಲ್ಲ ನೋಡಿದರೆ ಬದುಕಲಿಕ್ಕೆ ಆಗ್ತದಾ?" ಎಂದು ಎದ್ದು ಹೋಗುತ್ತಾರೆ.

ಈ ಪ್ರಶ್ನೆಯನ್ನು ಬಿಡಿಸಲು ಈ ವಾರ ನಾವು ಕರಾವಳಿಯಿಂದ ಬಹಳ ದೂರ, ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ತೆಲಸಂಗದ ಕಡೆ ಹೋಗೋಣ. ಕಾರಣ ಇದೆ. ನಮ್ಮ ನೆಯ್ಚೋರಿಗೆ, ಪಾಯಸಕ್ಕೆ, ರಮಝಾನಿನ ಇಫ್ತಾರ್ ತಟ್ಟೆಗೆ ಬೀಳುವ ಒಣದ್ರಾಕ್ಷಿ ತಯಾರಾಗುವ ಸೀಮೆಗಳಲ್ಲಿ ಅದೂ ಒಂದು. ಅದೇ ಸೀಮೆಯ ಪಶ್ಚಿಮಕ್ಕೆ, ಕೃಷ್ಣಾ ನದಿಯ ಬದಿಯಲ್ಲಿ, ಕಬ್ಬಿನ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳಿವೆ. ಅಲ್ಲಿ ದ್ರಾಕ್ಷಿ, ಇಲ್ಲಿ ಕಬ್ಬು. ಮದ್ಯ ಎಂದರೇನು ಎಂಬ ಪ್ರಶ್ನೆಯ ಎರಡು ತುದಿಗಳು ಒಂದೇ ಸೀಮೆಯಲ್ಲಿ ಸಿಗುತ್ತವೆ.

ತೆಲಸಂಗ ಮಳೆ ಕಡಿಮೆಯ ಊರು. ನಮ್ಮ ಹಾಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆ ಅಲ್ಲಿಲ್ಲ. ಜೋಳದ ನೆಲದಲ್ಲಿ ಕೊಳವೆಬಾವಿಯ ನೀರು, ಹನಿ ನೀರಾವರಿ ಹಿಡಿದು ರೈತರು ದ್ರಾಕ್ಷಿ ಎಬ್ಬಿಸಿದ್ದಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಿಸಿಲು ಏರುವ ಹೊತ್ತಿಗೆ, ಗೊಂಚಲು ಕೊಯ್ದು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು 'ಡಿಪ್ಪಿಂಗ್ ಆಯಿಲ್' ಬೆರೆಸಿದ ನೀರಿನಲ್ಲಿ ಎರಡು-ನಾಲ್ಕು ನಿಮಿಷ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಣ ಸಡಿಲವಾಗಿ ನೀರು ಬೇಗ ಹೊರಗೆ ಬರುತ್ತದೆ. ಆಮೇಲೆ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ, ನೆರಳಲ್ಲಿ, ಗಾಳಿಗೆ ಎರಡು ವಾರದ ಆಸುಪಾಸು ಒಣಗಿಸುತ್ತಾರೆ. ನಾಲ್ಕು ಕಿಲೋ ಹಸಿ ಹಣ್ಣು ಹಾಕಿದರೆ ಒಂದು ಕಿಲೋ ಒಣದ್ರಾಕ್ಷಿ ಸಿಕ್ಕರೆ ಅದೃಷ್ಟ. ಮಾಲು ಸಾಂಗ್ಲಿ, ತಾಸಗಾಂವ, ವಿಜಯಪುರದ ಮಾರುಕಟ್ಟೆಗಳಿಗೆ ಹೋಗುತ್ತದೆ, ಅಲ್ಲಿಂದ ನಮ್ಮ ಬಂದರಿನ ಅಂಗಡಿಗಳಿಗೂ ಬರುತ್ತದೆ.

ಡಿಪ್ಪಿಂಗ್ ಆಯಿಲ್ ಎಂದರೆ ಈಥೈಲ್ ಓಲಿಯೇಟ್. ಹೆಸರಿನಲ್ಲೇ 'ಈಥೈಲ್' ಇರುವುದರಿಂದ ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಹೆದರಿಕೆ ಹುಟ್ಟಬಹುದು. ಅದು ಈಥೈಲ್ ಆಲ್ಕೋಹಾಲ್ ಮತ್ತು ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲ ಸೇರಿ ಆದ ಎಣ್ಣೆಯಂಥ ವಸ್ತು. ಸೇರಿದ ಮೇಲೆ ಅದು ಆಲ್ಕೋಹಾಲ್ ಅಲ್ಲ, ಅಮಲೂ ಇಲ್ಲ. ಹೆಸರು ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಸಣ್ಣ ಉದಾಹರಣೆ. ಹೆಸರಿನ ಮಾತು ಬಂತಲ್ಲ, 'ಆಲ್ಕೋಹಾಲ್' ಎಂಬ ಪದವೇ ಅರಬಿಯ 'ಅಲ್-ಕುಹ್ಲ್', ಅಂದರೆ ಕಣ್ಣಿಗೆ ಹಚ್ಚುವ ಸುರ್ಮದಿಂದ ಬಂದದ್ದು. ನುಣ್ಣಗೆ ಅರೆದ ಪುಡಿಗೆ ಇದ್ದ ಹೆಸರು ಯುರೋಪಿಗೆ ಹೋಗಿ, ಯಾವುದೇ ವಸ್ತುವಿನ ಸಾರಕ್ಕೆ ಅಂಟಿ, ಕೊನೆಗೆ ವೈನ್‌ನ ಸಾರಕ್ಕೆ ಉಳಿಯಿತು. ಹೆಸರೇ ಹರಾಂ ಆಗುವುದಾದರೆ ನಮ್ಮ ಅಜ್ಜಿಯಂದಿರ ಸುರ್ಮದ ಡಬ್ಬಿಯ ಗತಿ ಎಂತ?

ಈಗ ದ್ರಾಕ್ಷಿಗೆ ಬರೋಣ. ಹಸಿ ದ್ರಾಕ್ಷಿಯ ಸಿಪ್ಪೆಯ ಮೇಲೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಇದ್ದೇ ಇರುತ್ತದೆ. ಹಣ್ಣು ಒಡೆದು ಸಕ್ಕರೆ, ನೀರು, ಯೀಸ್ಟ್ ಒಟ್ಟಾದರೆ ಹುಳಿಯುವಿಕೆ ಶುರು. ಯೀಸ್ಟ್ ಸಕ್ಕರೆಯನ್ನು ತಿಂದು ಎಥನಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಹೊರಗೆ ಹಾಕುತ್ತದೆ. ಆ ಗಾಳಿಯೇ ನೊರೆಯಾಗಿ ಮೇಲೆ ಬರುವುದು. ಒಣದ್ರಾಕ್ಷಿಯಲ್ಲಿ ಹಸಿ ಹಣ್ಣಿಗಿಂತ ಮೂರು ಪಟ್ಟು ಸಕ್ಕರೆ ಇದ್ದರೂ ಅದು ವರ್ಷಗಟ್ಟಲೆ ಡಬ್ಬಿಯಲ್ಲಿ ಕೆಡದೆ ಇರುತ್ತದೆ. ಯೀಸ್ಟ್‌ಗೆ ಬೇಕಾದಷ್ಟು ನೀರು ಅಲ್ಲಿಲ್ಲ, ಅಷ್ಟೆ. ಮತ್ತೆ ನೀರಿಗೆ ಹಾಕಿದ ಕೂಡಲೇ ಗಡಿಯಾರ ಪುನಃ ಓಡಲು ಶುರುವಾಗುತ್ತದೆ.

ಒಣದ್ರಾಕ್ಷಿ ಅಥವಾ ಖರ್ಜೂರ ನೆನೆಸಿದ ನೀರಿಗೆ ಅರಬಿಯಲ್ಲಿ ನಬೀದ್ ಎನ್ನುತ್ತಾರೆ. ಪ್ರವಾದಿ(ಸ)ಯವರ ಮನೆಯಲ್ಲಿ ಇದು ರೂಢಿಯಲ್ಲಿತ್ತು. ಅವರಿಗಾಗಿ ಒಣದ್ರಾಕ್ಷಿಯನ್ನು ನೆನೆಸಿಡುತ್ತಿದ್ದರು, ಅವರು ಆ ದಿನ, ಮರುದಿನ, ಅದರ ಮರುದಿನ ಸಂಜೆಯವರೆಗೆ ಕುಡಿಯುತ್ತಿದ್ದರು, ಅದಕ್ಕಿಂತ ಉಳಿದರೆ ಚೆಲ್ಲಿಸುತ್ತಿದ್ದರು ಎಂದು ಸಹೀಹ್ ಮುಸ್ಲಿಂನ ವರದಿಗಳಲ್ಲಿದೆ. ದ್ರಾಕ್ಷಿ ಅದೇ, ನೀರು ಅದೇ, ಪಾತ್ರೆ ಅದೇ. ಬದಲಾದದ್ದು ಸಮಯ ಮಾತ್ರ. ಯೀಸ್ಟ್ ಎಂಬ ಪದವೇ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹಾಕಿದ ಗೆರೆ ಅದು. ಸೋರೆಬುರುಡೆ, ಡಾಂಬರು ಬಳಿದ ಮಡಕೆ, ಕೊರೆದ ಮರದ ಬೊಡ್ಡೆ ಇಂಥ ಪಾತ್ರೆಗಳಲ್ಲಿ ನಬೀದ್ ಮಾಡಬಾರದು ಎಂದು ಮೊದಲು ಹೇಳಿದ್ದೂ ಇದಕ್ಕೇ, ಅವುಗಳಲ್ಲಿ ಹುಳಿ ಗೊತ್ತಾಗದ ಹಾಗೆ ಬೇಗ ಏರುತ್ತದೆ. ಆಮೇಲೆ ಪಾತ್ರೆಯ ನಿಷೇಧ ಸಡಿಲವಾಯಿತು, ಅಮಲಿನ ನಿಷೇಧ ಹಾಗೇ ಉಳಿಯಿತು.

ಇನ್ನೊಂದು ಘಟನೆ ಈ ವಿಷಯದ ಬೇರನ್ನೇ ಮುಟ್ಟುತ್ತದೆ. ಯಮನ್‌ನಿಂದ ಬಂದ ಒಬ್ಬರು ತಮ್ಮ ಊರಿನಲ್ಲಿ ಜೋಳದ ಜಾತಿಯ ಧಾನ್ಯದಿಂದ ಮಾಡುವ 'ಮಿಝ್ರ್' ಎಂಬ ಪಾನೀಯದ ಬಗ್ಗೆ ಕೇಳಿದರು. ಪ್ರವಾದಿ(ಸ) ಅದನ್ನು ಯಾವುದರಿಂದ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ವಿಚಾರಿಸಲಿಲ್ಲ. ಅದು ಅಮಲೇರಿಸುತ್ತದೆಯೇ ಎಂದಷ್ಟೇ ಕೇಳಿದರು. ಹೌದು ಎಂದಾಗ ಅಮಲೇರಿಸುವುದೆಲ್ಲ ಹರಾಂ ಎಂಬ ಉತ್ತರ ಬಂತು. ಹಝ್ರತ್ ಉಮರ್(ರ) ಮಿಂಬರ್‌ನ ಮೇಲೆ ನಿಂತು ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂದು ಆ ಕಾಲದ ಐದು ಮೂಲಗಳನ್ನು ಹೆಸರಿಸಿ, ಬುದ್ಧಿಯನ್ನು ಮುಚ್ಚುವುದೇ ಖಮ್ರ್ ಎಂದು ವಿವರಿಸಿದ್ದೂ ಇದೇ ಅರ್ಥದಲ್ಲಿ.

ಹಾಗಾದರೆ ನಮ್ಮ ಉಸ್ತಾದರು ಒಂದು ಹೇಳುತ್ತಾರೆ, ಹುಬ್ಬಳ್ಳಿ-ವಿಜಯಪುರ ಕಡೆಯ ಮೌಲಾನಾ ಇನ್ನೊಂದು ಹೇಳುತ್ತಾರೆ, ಯಾಕೆ? ನಮ್ಮ ಮಕ್ಕಳು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಆ ಕಡೆಯ ಹುಡುಗರ ಜೊತೆ ರೂಮ್ ಹಂಚಿಕೊಂಡಾಗ ಈ ಜಗಳ ಆಗಿಯೇ ಆಗುತ್ತದೆ. ಬ್ಯಾರಿಗಳು ಶಾಫಿಈ ಮದ್‌ಹಬ್‌ನವರು, ಉತ್ತರ ಕರ್ನಾಟಕದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಶಾಫಿಈಯಲ್ಲಿ ಲೆಕ್ಕ ನೇರ. ಹೆಚ್ಚು ಕುಡಿದರೆ ಅಮಲೇರುವ ಪಾನೀಯದ ಒಂದು ಹನಿಯೂ ಹರಾಂ, ಅದು ದ್ರಾಕ್ಷಿಯದ್ದಾಗಲಿ ಜೋಳದ್ದಾಗಲಿ. ಜೊತೆಗೆ ಅಮಲೇರಿಸುವ ದ್ರವ ನಜೀಸ್ ಕೂಡ. ಇಮಾಂ ಅಬೂ ಹನೀಫಾ(ರ) ಖಮ್ರ್ ಎಂಬ ಹೆಸರನ್ನು ಮಾತ್ರ ಬಿಗಿಯಾಗಿ ಹಿಡಿದರು. ಕಾಯಿಸದ ಹಸಿ ದ್ರಾಕ್ಷಾರಸ ತಾನಾಗಿ ಉಕ್ಕಿ, ಖಾರವಾಗಿ, ನೊರೆ ಎಸೆದರೆ ಅದು ಖಮ್ರ್, ಉಳಿದ ಪಾನೀಯಗಳಿಗೆ ಬೇರೆ ಬೇರೆ ಹುಕುಂ. ಅವರ ಶಿಷ್ಯ ಇಮಾಂ ಮುಹಮ್ಮದ್(ರ) ಇದನ್ನು ಒಪ್ಪದೆ ಅಮಲಿನದ್ದೆಲ್ಲ ಸ್ವಲ್ಪವೂ ಹರಾಂ ಎಂದರು. ಕುಡಿಯುವ ವಿಷಯದಲ್ಲಿ ನಂತರದ ಹನಫಿ ಫತ್ವಾ ನಿಂತದ್ದು ಈ ಶಿಷ್ಯರ ಮಾತಿನ ಮೇಲೆ. ಮೈಗೆ ಹಚ್ಚುವ ಸೆಂಟ್‌ನಂಥ ವಿಷಯದಲ್ಲಿ ಮಾತ್ರ, ದ್ರಾಕ್ಷಿ-ಖರ್ಜೂರದಿಂದ ಬಂದ ಆಲ್ಕೋಹಾಲ್ ಅಲ್ಲದಿದ್ದರೆ, ಇಂದಿನ ಅನೇಕ ಹನಫಿ ಉಲಮಾಗಳು ಗುರುಗಳ ಮಾತಿನ ರಿಯಾಯಿತಿ ತೆಗೆದುಕೊಳ್ಳುತ್ತಾರೆ. ಗ್ಲಾಸಿನ ವಿಷಯದಲ್ಲಿ ರೂಮ್‌ಮೇಟ್‌ಗಳಿಬ್ಬರಿಗೂ ಒಂದೇ ಉತ್ತರ, ಜಗಳ ಉಳಿದದ್ದು ಅಂಗಿಯ ಕಾಲರಿನ ವಿಷಯದಲ್ಲಿ ಮಾತ್ರ.

ಆದರೆ 'ಹೆಚ್ಚು ಕುಡಿದರೆ ಅಮಲೇರುವ' ಎಂದರೆ ಎಷ್ಟು ಹೆಚ್ಚು? ಇಲ್ಲಿ ಲೆಕ್ಕ ಹಾಕದೆ ಮಾತಾಡಿದರೆ ದಾರಿ ತಪ್ಪುತ್ತದೆ. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಸುಮಾರು 32 ಮಿ.ಲೀ. ಶುದ್ಧ ಎಥನಾಲ್ ಇರುತ್ತದೆ, ತೂಕದಲ್ಲಿ 25 ಗ್ರಾಂ ಎನ್ನಿ. ಜರ್ಮನಿಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅಂಗಡಿಯ ಕಿತ್ತಳೆ, ಸೇಬು, ದ್ರಾಕ್ಷಿ ಜ್ಯೂಸ್‌ಗಳನ್ನು ಪರೀಕ್ಷಿಸಿದಾಗ ಲೀಟರಿಗೆ 0.77 ಗ್ರಾಂವರೆಗೆ ಎಥನಾಲ್ ಸಿಕ್ಕಿತು. ಒಂದು ಬಿಯರ್‌ನಷ್ಟು ಆಗಬೇಕಾದರೆ ಆ ಜ್ಯೂಸನ್ನು 32 ಲೀಟರ್ ಕುಡಿಯಬೇಕು. ಪ್ಯಾಕೆಟಿನ ಕೆಲವು ಬನ್‌ಗಳಲ್ಲಿ 100 ಗ್ರಾಮಿಗೆ 1.2 ಗ್ರಾಂ ಮೀರಿ ಸಿಕ್ಕಿತು, ಅಂದರೆ ಕೂತು ಎರಡು ಕಿಲೋ ಬನ್ ತಿನ್ನಬೇಕು. ಅಮಲಿಗಿಂತ ಮೊದಲು ಹೊಟ್ಟೆ ಒಡೆಯುತ್ತದೆ. ಕಳಿತ ಬಾಳೆಹಣ್ಣು, ರಾತ್ರಿ ಅರೆದಿಟ್ಟ ಇಡ್ಲಿ ಹಿಟ್ಟು, ಮೊಸರು ಎಲ್ಲದರಲ್ಲೂ ಚೂರುಪಾರು ಇದ್ದೇ ಇರುತ್ತದೆ. ಇವು ಎಷ್ಟು ತಿಂದರೂ ಅಮಲೇರಿಸುವುದಿಲ್ಲ, ಹಾಗಾಗಿ ಇವು ಮದ್ಯವೂ ಅಲ್ಲ.

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೂ ಗೆರೆಯನ್ನು ಇದೇ ಆಸುಪಾಸಿನಲ್ಲಿ ಎಳೆದಿದೆ. ಗಾತ್ರದಲ್ಲಿ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಆಲ್ಕೋಹಾಲ್ ಪಾನೀಯ. ಶೇ. 0.5ರ ಪಾನೀಯದಲ್ಲಿ ಒಂದು ಬಿಯರ್‌ನಷ್ಟು ಎಥನಾಲ್ ಸೇರಬೇಕಾದರೆ ಆರೂವರೆ ಲೀಟರ್ ಕುಡಿಯಬೇಕು. ನಮ್ಮ ಹಾಗೆ ಶಾಫಿಈ ಮದ್‌ಹಬ್ ಅನುಸರಿಸುವ ಮಲೇಷ್ಯಾದ ರಾಷ್ಟ್ರೀಯ ಫತ್ವಾ ಸಮಿತಿ 2011ರಲ್ಲಿ ಇದನ್ನು ಕೂಲಂಕಷವಾಗಿ ನೋಡಿತು. ಮದ್ಯಕ್ಕಾಗಿ ಮಾಡದ, ಮದ್ಯದ ವಿಧಾನದಲ್ಲಿ ಮಾಡದ ತಂಪು ಪಾನೀಯದಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೆ ಕುಡಿಯಬಹುದು, ಆದರೆ ಮದ್ಯಕ್ಕಾಗಿಯೇ ಆ ವಿಧಾನದಲ್ಲಿ ಮಾಡಿದ್ದು ಎಷ್ಟೇ ಕಡಿಮೆ ಇರಲಿ, ಹರಾಂ ಎಂದಿತು. ಈ ಎರಡನೇ ಭಾಗವನ್ನು ನಮ್ಮ ವಾಟ್ಸ್‌ಆ್ಯಪ್ ಮುಫ್ತಿಗಳು ಸಾಮಾನ್ಯವಾಗಿ ಕತ್ತರಿಸಿ ಕಳಿಸುತ್ತಾರೆ! ಕೇಕಿಗೆ ರಮ್ ಸುರಿದು ಶೇಕಡಾವಾರು ಲೆಕ್ಕ ತೋರಿಸಿದರೆ ಆಗುವುದಿಲ್ಲ. ತಾನಾಗಿ ಹುಟ್ಟಿದ ಚೂರು ಬೇರೆ, ತಂದು ಸುರಿದ ಮದ್ಯ ಬೇರೆ.

ನಮ್ಮ ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸಲು ದ್ರಾಕ್ಷಿಯೂ ಬೇಡ, ತೆಂಗಿನಮರ ಸಾಕು. ಒಂದೇ ಹೊಂಬಾಳೆಯ ರಸ, ತಂಪಿನಲ್ಲಿ ಹಿಡಿದರೆ ನೀರಾ, ಮಡಕೆಯಲ್ಲಿ ಬಿಸಿಲೇರುವವರೆಗೆ ಬಿಟ್ಟರೆ ಕಳ್ಳು. ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ರಸ ಬೀಳುವ ಹಾಗೆ ಮಾಡಿ 'ಕಲ್ಪರಸ' ತಯಾರಿಸಿದ್ದೂ ಗಡಿಯಾರವನ್ನು ನಿಲ್ಲಿಸಲಿಕ್ಕೇ. ಕಳ್ಳನ್ನೇ ಇನ್ನೂ ಬಿಟ್ಟರೆ ಸುರ್ಕ, ಅಂದರೆ ವಿನೆಗರ್ ಆಗುತ್ತದೆ. ಬೇರೆ ಬ್ಯಾಕ್ಟೀರಿಯಾ ಬಂದು ಎಥನಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ತಾನಾಗಿ ಸುರ್ಕವಾದರೆ ಅದು ಶುದ್ಧ, ಏನನ್ನಾದರೂ ಹಾಕಿ ಮಾಡಿದರೆ ಶಾಫಿಈಯಲ್ಲಿ ಅಲ್ಲ, ಹನಫಿಯಲ್ಲಿ ಹೌದು. ಹಲಾಲ್‌ನಿಂದ ಹರಾಂಗೆ, ಹರಾಂನಿಂದ ಪುನಃ ಹಲಾಲ್‌ಗೆ, ಒಂದೇ ಮಡಕೆಯಲ್ಲಿ.

ಇನ್ನು ಕಬ್ಬಿನ ಕಡೆ. ತೆಲಸಂಗದಿಂದ ಅಥಣಿ ದಾಟಿ ಪಶ್ಚಿಮಕ್ಕೆ ಹೋದರೆ ಈಗಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ. ಅಲ್ಲಿಯ ಸಕ್ಕರೆ ಕಂಪೆನಿ 1939ರದ್ದು, ಸಕ್ಕರೆಯ ಜೊತೆ ಡಿಸ್ಟಿಲರಿಯೂ ಉಂಟು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಗೆ ನೀರು, ಯೀಸ್ಟ್ ಹಾಕಿ ಹುಳಿಸಿ, ಭಟ್ಟಿ ಇಳಿಸಿದರೆ ಒಂದು ಟನ್ನಿಗೆ ಸುಮಾರು 225 ಲೀಟರ್ ಮದ್ಯಸಾರ. ಹೀಗೆ ಕಾಕಂಬಿಯಿಂದ ಬರುವ ಎಥನಾಲ್ ವಿಸ್ಕಿ-ರಮ್ ಎಂಬ ಹೆಸರಿನಲ್ಲಿ ಬಾಟಲಿಗೂ ಹೋಗುತ್ತದೆ, ಬಣ್ಣದ ಕಾರ್ಖಾನೆಗೂ ಹೋಗುತ್ತದೆ, ಇನ್ನೂ ನೀರು ತೆಗೆದು ಪೆಟ್ರೋಲ್ ಬಂಕಿಗೂ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯದ ಡಿಸ್ಟಿಲರಿಗಳಿಗೆ ಸ್ಯಾನಿಟೈಸರ್ ಮಾಡಲು ಅನುಮತಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಅದರಲ್ಲಿ ಶೇ. 80 ಎಥನಾಲ್. ಮಸೀದಿಯ ಬಾಗಿಲಲ್ಲಿ ಅದನ್ನೇ ಕೈಗೆ ಹಚ್ಚಿಕೊಂಡು ಒಳಗೆ ಹೋದದ್ದು ನಮಗೆಲ್ಲ ನೆನಪಿದೆ.

ಇವೆಲ್ಲ 'ಮದ್ಯ'ವೇ? ಈ ಪ್ರಶ್ನೆಯನ್ನು ನಮ್ಮ ಉಸ್ತಾದರಷ್ಟೇ ಅಲ್ಲ, ಸುಪ್ರೀಂ ಕೋರ್ಟ್ ಕೂಡ ಎಪ್ಪತ್ತು ವರ್ಷ ಬಿಡಿಸುತ್ತಾ ಬಂದಿದೆ. ತೆಲಸಂಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಆ ಊರಿಗೂ ಅನ್ವಯಿಸುತ್ತಿತ್ತು. (ಮದರಾಸಿಗೆ ಸೇರಿದ್ದ ನಮ್ಮ ಮಂಗಳೂರಿನಲ್ಲೂ ಆಗ ಪಾನನಿರೋಧವೇ.) ಆ ಕಾಯ್ದೆ ಆಲ್ಕೋಹಾಲ್ ಇರುವ ಎಲ್ಲ ದ್ರವವನ್ನೂ ಮದ್ಯ ಎಂದಿತು. ಎಫ್.ಎನ್. ಬಲ್ಸಾರಾ ಎಂಬ ಪಾರ್ಸಿ ಗೃಹಸ್ಥರು ವಿಸ್ಕಿ, ಬ್ರಾಂದಿಯ ಜೊತೆ ಔಷಧಿ ವೈನ್, ಓ ಡಿ ಕೊಲೋನ್ ಇಟ್ಟುಕೊಳ್ಳುವ ಹಕ್ಕು ಕೇಳಿ ಕೋರ್ಟಿಗೆ ಹೋದರು. 1951ರ ಮೇ ತಿಂಗಳಲ್ಲಿ ಬಂದ ತೀರ್ಪು ಸ್ವಾರಸ್ಯದ್ದು. ಕುಡಿಯದ ದ್ರವವನ್ನೂ 'ಮದ್ಯ' ಎಂಬ ಪದದೊಳಗೆ ತರಲು ಸರಕಾರಕ್ಕೆ ಅಧಿಕಾರ ಉಂಟು, ಆದರೆ ಔಷಧಿ ಮತ್ತು ಸುಗಂಧದ ವಸ್ತುಗಳನ್ನು ಇಟ್ಟುಕೊಳ್ಳುವುದನ್ನೇ ತಡೆಯುವುದು ಅತಿಯಾಯಿತು ಎಂದಿತು ಕೋರ್ಟ್.

2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಪುನಃ ಎತ್ತಿಕೊಂಡು, ಸಂವಿಧಾನದ 'ಅಮಲೇರಿಸುವ ಮದ್ಯ' ಎಂಬ ಪದದಲ್ಲಿ ಕೈಗಾರಿಕಾ ಆಲ್ಕೋಹಾಲ್ ಕೂಡ ಸೇರುತ್ತದೆ ಎಂದು ಎಂಟು-ಒಂದರ ಬಹುಮತದಲ್ಲಿ ಹೇಳಿತು. ಕುಡಿಯಲಿಕ್ಕೆ ಮಾಡದ್ದೂ ಜನರ ಕೈಗೆ ಸಿಕ್ಕಿ ದುರುಪಯೋಗ ಆಗಬಹುದು ಎಂಬುದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ಬರೆದ ತೀರ್ಪಿನ ಒಂದು ಕಾರಣ. ಒಪ್ಪದ ಆ ಒಬ್ಬರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೈಗಾರಿಕಾ ಆಲ್ಕೋಹಾಲ್ ಮನುಷ್ಯರು ಕುಡಿಯುವಂಥದ್ದಲ್ಲ, ಅದನ್ನು ಮದ್ಯ ಎನ್ನಲಾಗದು ಎಂಬುದು ಅವರ ನಿಲುವು. ಕೋರ್ಟಿನ ಮುಂದೆ ಇದ್ದದ್ದು ತೆರಿಗೆ ಮತ್ತು ನಿಯಂತ್ರಣ ಯಾರ ಕೈಯಲ್ಲಿರಬೇಕು ಎಂಬ ಜಗಳ, ನಮಾಝಿನ ಬಟ್ಟೆಯದ್ದಲ್ಲ. ಆದರೂ ನಮಗೆ ನಾಗರತ್ನ ಅವರ ವಾದ ಮತ್ತು ಮಲೇಷ್ಯಾದ ಫತ್ವಾ ಪಕ್ಕಪಕ್ಕದಲ್ಲಿ ನಿಂತ ಹಾಗೆ ಕಾಣುತ್ತದೆ. ಎಲ್ಲ ಆಲ್ಕೋಹಾಲ್ ಖಮ್ರ್ ಅಲ್ಲ, ಮದ್ಯ ಮಾಡುವ ಪ್ರಕ್ರಿಯೆಯಿಂದ ಬರದ ಆಲ್ಕೋಹಾಲ್ ನಜೀಸ್ ಅಲ್ಲ, ಆದರೆ ಅದು ವಿಷ, ಕುಡಿದರೆ ಸಾವು, ಹಾಗಾಗಿ ಕುಡಿಯುವುದು ಹರಾಂ ಎಂಬುದು ಅಲ್ಲಿಯ ಉಲಮಾಗಳ ಮಾತು. ಪೆಟ್ರೋಲ್‌ನ ಶೇ. 20 ಎಥನಾಲ್, ಕಾರ್ಖಾನೆಯ ಸ್ಪಿರಿಟ್, ಸೆಂಟ್ ಇವುಗಳ ಬಗ್ಗೆ ಕೇರಳ-ಕರಾವಳಿಯ ಉಲಮಾಗಳಲ್ಲಿ ಒಂದೇ ಮಾತಿಲ್ಲ. ಎಚ್ಚರಿಕೆಯ ಪಕ್ಷ ಹಿಡಿಯುವವರು ಅತ್ತರ್ ಹಾಕಲಿ. ಆದರೆ ಪಕ್ಕದವನ ಅಂಗಿ ಮೂಸಿ ನಮಾಝ್ ಬಾತಿಲ್ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಕುಡಿದರೆ ಸಾವು ಎಂಬುದು ಬರೀ ಮಾತಲ್ಲ. ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಅಲ್ಲಿ ಮದ್ಯದ ಹೆಸರಿನಲ್ಲಿ ಹೊಟ್ಟೆಗೆ ಹೋದದ್ದು ಮೆಥನಾಲ್, ಎಥನಾಲ್‌ನ ವಿಷದ ತಮ್ಮ. 2020ರಲ್ಲಿ ಆಂಧ್ರದ ಕುರಿಚೇಡುವಿನಲ್ಲಿ ಅಂಗಡಿ ಮುಚ್ಚಿದ್ದಾಗ ಸ್ಯಾನಿಟೈಸರ್ ಕುಡಿದವರು ಸತ್ತರು.

ಇಷ್ಟೆಲ್ಲ ಹೇಳಿದ್ದು ನಿಜವಾಗಿ ಇನ್ನೊಂದು ಬಾಟಲಿಯ ಬಗ್ಗೆ ಮಾತಾಡಲು. ಬನ್, ಸೆಂಟ್, ಪೆಟ್ರೋಲ್ ಎಂದು ನಾವು ಹೊಡೆದಾಡುತ್ತಿರುವಾಗ ಅದು ನಮ್ಮ ಬಾಣಂತಿ ಕೋಣೆಯ ಕಿಟಕಿಯಲ್ಲಿ ಸುಮ್ಮನೆ ಕೂತಿದೆ. ದಶಮೂಲಾರಿಷ್ಟ. ಹೆರಿಗೆಯಾಗಿ ಮನೆಗೆ ಬಂದ ಮಗಳಿಗೆ ಎಣ್ಣೆ-ನೀರಿನ ಜೊತೆ ಅರಿಷ್ಟ ಕೊಡುವುದು ಕರಾವಳಿಯಲ್ಲಿ, ಮಲಬಾರಿನಲ್ಲಿ ತಲೆಮಾರುಗಳ ರೂಢಿ. ರಕ್ತ ಕಡಿಮೆ ಎಂದರೆ, ಹಸಿವಿಲ್ಲ ಎಂದರೆ ದ್ರಾಕ್ಷಾರಿಷ್ಟ, ದ್ರಾಕ್ಷಾಸವ. ಹೆಸರೇ ಹೇಳುವ ಹಾಗೆ ಇವುಗಳ ಮೂಲ ದ್ರಾಕ್ಷಿ. ದಶಮೂಲಾರಿಷ್ಟದ ಪಾಠದಲ್ಲೂ ಒಣದ್ರಾಕ್ಷಿ ಇದೆ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಅಥವಾ ಜೇನು ಸೇರಿಸಿ, ಧಾತಕಿ ಹೂ ಹಾಕಿ, ಬಾಯಿ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಧಾತಕಿ ಹೂವಿನ ಕೆಲಸ ಯೀಸ್ಟ್ ತರುವುದು. ತೆಲಸಂಗದ ದ್ರಾಕ್ಷಿಗೆ ಪುನಃ ನೀರು ಸಿಕ್ಕಿ, ಮೂರು ದಿನದ ಗೆರೆ ದಾಟಿ, ತಿಂಗಳು ಕಳೆದರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ಬಾಟಲಿಯ ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್, ಸಾಮಾನ್ಯವಾಗಿ ಶೇ. 5ರಿಂದ 10.

ಶೇ. 8 ಎಂದೇ ಹಿಡಿಯಿರಿ. 450 ಮಿ.ಲೀ.ಯ ಒಂದು ಬಾಟಲಿಯಲ್ಲಿ 36 ಮಿ.ಲೀ. ಎಥನಾಲ್, ಅಂದರೆ ಒಂದು ದೊಡ್ಡ ಬಿಯರ್ ಬಾಟಲಿಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಎರಡು ಹೊತ್ತು 20 ಮಿ.ಲೀ.ಯಂತೆ 40 ದಿನ ಕೊಟ್ಟರೆ ಒಟ್ಟು 128 ಮಿ.ಲೀ., ಸುಮಾರು ನಾಲ್ಕು ಬಿಯರ್‌ನಷ್ಟು. ಒಂದೊಂದು ಹೊತ್ತಿನ ಡೋಸ್ ಸಣ್ಣದು, ಯಾವ ಬಾಣಂತಿಗೂ ಅದರಿಂದ ಅಮಲೇರುವುದಿಲ್ಲ, ಅದು ನಿಜ. ಆದರೆ ನಮ್ಮ ಮದ್‌ಹಬ್‌ನ ಪ್ರಶ್ನೆ ಡೋಸ್‌ನದ್ದಲ್ಲ. ಹೆಚ್ಚು ಕುಡಿದರೆ ಅಮಲೇರುತ್ತದೆಯೇ ಎಂಬುದು ಪ್ರಶ್ನೆ. ಜ್ಯೂಸಿನ 32 ಲೀಟರ್ ಯಾರೂ ಕುಡಿಯಲಾರರು, ಅರಿಷ್ಟದ ಒಂದು ಬಾಟಲಿ ಯಾರು ಬೇಕಾದರೂ ಕುಡಿಯಬಹುದು. ಅಬಕಾರಿ ಅಂಗಡಿಗೆ ಹೋಗಲು ನಾಚಿ ಅರಿಷ್ಟದಲ್ಲೇ ದಿನ ತಳ್ಳುವವರು ಊರಿಗೊಬ್ಬರಿದ್ದಾರೆ, ಹೆಸರು ಹೇಳುವುದು ಬೇಡ.

ಅರಿಷ್ಟ ಮದ್ದು, ಮದ್ದಿಗೆ ಬೇರೆ ಲೆಕ್ಕ ಎಂಬ ಮಾತಿನಲ್ಲೂ ಹುರುಳಿದೆ. ಶಾಫಿಈ ಗ್ರಂಥಗಳಲ್ಲಿ ಬರೀ ಮದ್ಯವನ್ನು ಮದ್ದಾಗಿ ಕುಡಿಯಲು ಅನುಮತಿ ಇಲ್ಲ. ಬೇರೆ ಮದ್ದಿನಲ್ಲಿ ಕರಗಿ ಹೋಗಿದ್ದರೆ, ಅದರ ಜಾಗಕ್ಕೆ ಬೇರೆ ಶುದ್ಧ ಮದ್ದು ಇಲ್ಲದಿದ್ದರೆ, ನಂಬಿಕಸ್ಥ ವೈದ್ಯರು ಹೇಳಿದರೆ ಅನುಮತಿ ಇದೆ. ಕೆಮ್ಮಿನ ಸಿರಪ್‌ನಲ್ಲಿ, ಹೋಮಿಯೋಪತಿ ಹನಿಗಳಲ್ಲಿ ಉಲಮಾಗಳು ಈ ದಾರಿ ಹಿಡಿದೇ ಉತ್ತರ ಕೊಡುತ್ತಾರೆ. ಅರಿಷ್ಟಕ್ಕೆ ಈ ಶರತ್ತುಗಳು ಹೊಂದುತ್ತವೆಯೇ? ವೈದ್ಯರು ಹೇಳಿದ್ದಲ್ಲ, ನೆರೆಮನೆಯ ತಾತ್ತ ಹೇಳಿದ್ದು. ಬೇರೆ ಮದ್ದು ಇಲ್ಲ ಎಂಬುದಂತೂ ಸುಳ್ಳು, ಅದೇ ದಶಮೂಲ ಹುಳಿಸದ ಕಷಾಯವಾಗಿಯೂ ಸಿಗುತ್ತದೆ. ಆಲ್ಕೋಹಾಲ್ ತಾಯಿಯ ರಕ್ತದಿಂದ ಎದೆಹಾಲಿಗೆ ಇಳಿಯುತ್ತದೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಮಗುವಿನ ಕಿವಿಗೆ ಬಾಂಗ್ ಕೊಟ್ಟ ವಾರದಲ್ಲೇ ಅದರ ಹಾಲಿಗೆ ಚೂರು ಎಥನಾಲ್ ಸೇರಿಸುವುದು ನಮಗಂತೂ ಸರಿ ಕಾಣುವುದಿಲ್ಲ.

ಆಯುರ್ವೇದವನ್ನು ದೂರುವುದು ನಮ್ಮ ಉದ್ದೇಶ ಅಲ್ಲ. ಅರಿಷ್ಟ ಮಾಡುವವರು ಏನನ್ನೂ ಮುಚ್ಚಿಟ್ಟಿಲ್ಲ, ಲೇಬಲ್‌ನಲ್ಲೇ ಬರೆದಿದ್ದಾರೆ, ಓದದವರು ನಾವು. ಚಿಪ್ಸ್ ಪ್ಯಾಕೆಟಿನ ಇ-ನಂಬರ್‌ಗಳನ್ನು ಭೂತಗನ್ನಡಿ ಹಿಡಿದು ನೋಡುವ ಮನೆಗಳಲ್ಲೇ ಈ ಬಾಟಲಿಯ ಹಿಂಬದಿ ತಿರುಗಿಸಿ ನೋಡಿದವರು ಕಡಿಮೆ.

ಮುಂದಿನ ಸಲ ಮಗಳ ಬಾಣಂತನಕ್ಕೆ ಮದ್ದು ತರಲು ಹೋಗುವ ಉಪ್ಪನಿಗೆ ಚೀಟಿಯಲ್ಲಿ 'ಅರಿಷ್ಟ' ಎಂದಿದ್ದರೆ ವೈದ್ಯರನ್ನೇ ಕೇಳಲಿ, ಇದರ ಬದಲು ಕಷಾಯ ಆಗುತ್ತದೆಯೇ ಎಂದು. ಆಗುವುದಿಲ್ಲ ಎಂದರೆ ಕಾರಣ ಕೇಳಿ, ಆ ಕಾರಣವನ್ನು ಮೊಹಲ್ಲಾದ ಉಸ್ತಾದರ ಮುಂದೆ ಇಡಲಿ. ಇನ್ನು ಒಣದ್ರಾಕ್ಷಿ ನೆನೆಸಿದ ನೀರು ಬಾಣಂತಿಗೆ ಒಳ್ಳೆಯದು ಎನ್ನುವ ಅಜ್ಜಿಯರಿಗೆ ಯಾವ ತಕರಾರೂ ಇಲ್ಲ. ರಾತ್ರಿ ನೆನೆಸಿ ಬೆಳಿಗ್ಗೆ ಕೊಡಲಿ. ನಮ್ಮ ಕರಾವಳಿಯ ಮೇ ತಿಂಗಳ ಸೆಖೆಗೆ ಮೂರು ದಿನ ಕಾಯುವುದೂ ಬೇಡ, ನೊರೆ ಕಂಡರೆ ಚೆಲ್ಲಿಬಿಡಿ.